ನಳಿಗೆಯ ಅಳತೆ

ಅರಕೇರಾ ಗ್ರಾಮವು ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿದೆ. ೧೫೨೦ರಲ್ಲಿ ಕೃಷ್ಣದೇವರಾಯನು ಇದೇ ಸೀಮೆಯ ರಾಯಚೂರು ಕೋಟೆಯನ್ನು ಮುತ್ತಿದಾಗ, ಪೋರ್ಚುಗೀಸ್ ಫಿಗೈರೆದೊ ಇಪ್ಪತ್ತು ಮಂದಿ ಕೋವಿಗಾರರೊಡನೆ ನೆರವಾದನೆಂದು ನೂನಿಜನು ಬರೆದಿದ್ದಾನೆ. ಅಂದು ನಳಿಗೆಯ ಬಾಯಿ ಎಷ್ಟೇ ಅಗಲವಿರಲಿ, ಅದಕ್ಕೆ ತಕ್ಕ ಅಚ್ಚಿನಲ್ಲಿ ಸೀಸವನ್ನೆರೆದರೆ ಗುಂಡು ಸಿದ್ಧವಾಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ದುಗುಂಡುಗಳೆರಡನ್ನೂ ಲೋಹದ ಕವಚದಲ್ಲಿ ಅಡಕಮಾಡಿದ ತೋಟಾ ಬಂದಿತು. ಕೋವಿಯ ಒಡೆಯನು ಕಾರ್ಖಾನೆಗೆ ಅಧೀನನಾದನು. ಸೈನ್ಯದ ತೋಟಾ ಬಂಡಾಯಗಾರರ ಕೈಸೇರಬಾರದೆಂದು ೧೯೦೭ರ ಸುಮಾರಿಗೆ ಇಂಡಿಯಾದಲ್ಲಿ .೪೫೦ ಬೋರನ್ನು ನಿಷೇಧಿಸಲಾಗಿ, ಇಂಗ್ಲೆಂಡಿನ ತಯಾರಕರು ಬೇಟೆಯ ಕೋವಿಗಳಿಗೆ .೪೭೦ ಮೊದಲಾದ ಅಳತೆಗಳನ್ನು ಹೂಡಿದರು. ವಿಚಿತ್ರ ಬೋರು ಹುಟ್ಟಿದ್ದು ಶಾಸ್ತ್ರದಿಂದಲ್ಲ, ಕಾಯಿದೆಯಿಂದ!

೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ತರುವಾಯವೂ ನಿಷಿದ್ಧ ಬೋರೆಂಬ ವರ್ಗ ಉಳಿಯಿತು. ಕಾನ್ಪುರದ .೩೨ ರಿವಾಲ್ವರು ಈ ನಾಡಿನಲ್ಲಿ ಸಾಮಾನ್ಯವಾದುದಕ್ಕೆ ಇದೇ ಕಾರಣ, ವೆಬ್ಲಿಯ.೩೮ರ ರೂಪವನ್ನೇ ಅದು ಕಿರಿದಾದ ತೋಟಾಕ್ಕೆ ಹೊಂದಿಸಿಕೊಂಡಿದೆ.

ಹಾಗಾದರೆ ಅಪೂರ್ವ ಬೋರಿನ ಹಳೆಯ ಕೈಬಂದೂಕನ್ನು ಕೊಳ್ಳಬಹುದೆ? ಕೆಲವದರ ಕುಸುರಿ ಮನೋಹರ, ಒದೆತ ಮೃದು. ನಿಷಿದ್ಧ ವರ್ಗಕ್ಕೆ ಸೇರದಿದ್ದರೆ ಕಾಯಿದೆಯೂ ಅಡ್ಡಬಾರದು. ಆದರೆ ತೋಟಾ? ದೇವದುರ್ಗದಲ್ಲಿರಲಿ, ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿಯೂ ಅದು ದೊರೆಯುವ ಭರವಸೆಯಿಲ್ಲ. ಮನೆಯ ರಕ್ಷಣೆಯೇ ಉದ್ದೇಶವಾದರೆ, ಸೊಗಸಿಲ್ಲದ .೩೨ನ್ನೇ ನಾನು ಆರಿಸಿಕೊಳ್ಳುವೆನು. ಐದಾರು ತೋಟಾ ಮಾತ್ರ ಉಳಿದವನು ಗುರಿಯನ್ನು ಅಭ್ಯಾಸಮಾಡಲಾರ. ಅಭ್ಯಾಸವಿಲ್ಲದವನ ಕೈಯ ಆಯುಧಕ್ಕೆ ಕಳ್ಳನಿಗಿಂತ ಮನೆಯವರೇ ಹೆಚ್ಚು ಅಂಜಬೇಕು. ಇನ್ನು, ತೋಟಾ ಇಲ್ಲದೆ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ರಿವಾಲ್ವರಿಗೂ ಪರವಾನಗಿಯನ್ನು ಕಾಲಕಾಲಕ್ಕೆ ನವೀಕರಿಸುತ್ತಲೇ ಇರಬೇಕು.