ಎಡಗೈಗೆ ಗೊತ್ತಿದ್ದ ಪಾಠ



ಈ ಸಲದ ಪುಟದಲ್ಲಿ ಹಾಡಿನ ಮಾತಿಲ್ಲ, ಗಾಡಿಯ ಮಾತಿದೆ. ಕನ್ನಡ ಬಿ.ಎ. ಮಾಡಿದ ನನಗೂ ಇಂಜಿನ್ನಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಕೇಳಿ. ಆದರೆ ದೇಹೂ ರೋಡಿನಲ್ಲಿ ನಮ್ಮ ಕಾಕಾನ ಮನೆಯ ಕಟ್ಟೆಯ ಮೇಲೆ ಒಂದು ಸಂಜೆ ಕೂತರೆ ನಿಮಗೂ ಗಾಡಿಯ ಇತಿಹಾಸ ತಲೆಗೆ ಹತ್ತುತ್ತದೆ.

ದೇಹೂ ರೋಡ್ ಎಂದರೆ ತುಕಾರಾಮರ ದೇಹೂ ಅಲ್ಲ. ಅದಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕಂಟೋನ್ಮೆಂಟ್ ಊರು. ಸೇನೆಯ ಡಿಪೋ, ಆರ್ಡನೆನ್ಸ್ ಫ್ಯಾಕ್ಟರಿ, ಲೋನಾವಳಾ ಲೋಕಲ್ ನಿಲ್ಲುವ ಸ್ಟೇಷನ್ನು. ಡಿಪೋ ಕೆಲಸಕ್ಕೆ ಬಂದ ನಾನಾ ರಾಜ್ಯದವರು ಇಲ್ಲೇ ಮನೆ ಮಾಡಿಕೊಂಡರು. ಬೆಳಗಾವಿ ಕಡೆಯ ನಮ್ಮ ಕಾಕಾನೂ ಅವರಲ್ಲೊಬ್ಬ. ಇಲ್ಲಿಂದ ಪುಣೆ ಕಡೆಗೆ ಒಂದೇ ಸ್ಟೇಷನ್ ದಾಟಿದರೆ ಆಕುರ್ಡಿ. ನಮ್ಮ ನಿಮ್ಮ ಅಪ್ಪಂದಿರ ಸ್ಕೂಟರ್ ಹುಟ್ಟಿದ ಊರು.

ಮೊನ್ನೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗನಿಗೆ ಹತ್ತೊಂಬತ್ತು. ಕಾಲೇಜಿಗೆ ಓಡಾಡುವುದು ಗೇರಿಲ್ಲದ ಸ್ಕೂಟರಿನಲ್ಲಿ. ಮನಸ್ಸು ಮಾತ್ರ ಮುನ್ನೂರೈವತ್ತು ಸಿ.ಸಿ. ಬೈಕಿನ ಮೇಲೆ. ಒಂದು ಭಾನುವಾರ ಗೆಳೆಯನ ಬೈಕ್ ತೆಗೆದುಕೊಂಡು ಹಳೆಯ ಹೈವೇಗೆ ಬಂದ. ಮುಂದಿದ್ದ ಟೆಂಪೋ ತಟ್ಟನೆ ನಿಂತಿತು. ಇವನು ಎಡಗೈ ಬಿಗಿಯಾಗಿ ಹಿಡಿದ. ಬೈಕ್ ನಿಲ್ಲಲಿಲ್ಲ, ಸರಾಗವಾಗಿ ಹೋಗಿ ಟೆಂಪೋಕ್ಕೆ ಗುದ್ದಿತು. ಮೊಣಕಾಲು ಕಿತ್ತುಹೋಗಿ, ಮಣಿಕಟ್ಟು ಊದಿತ್ತು. ಹೆಲ್ಮೆಟ್ ಇತ್ತು, ಅಷ್ಟರಮಟ್ಟಿಗೆ ಪುಣ್ಯ.

"ಬ್ರೇಕ್ ಹಿಡದಿದ್ದೆ ಅಜ್ಜಾ, ಗಾಡಿ ನಿಲ್ಲಲೇ ಇಲ್ಲ" ಅಂದ.

ಕಾಕಾ ನಕ್ಕುಬಿಟ್ಟ. "ನೀ ಹಿಡದದ್ದು ಬ್ರೇಕ್ ಅಲ್ಲೋ ತಮ್ಮಾ, ಕ್ಲಚ್ಚು. ಇಂಜಿನ್ ಬಿಟ್ಟಕೊಟ್ಟಿ, ಗಾಡಿ ಹೊಂಟತು."

ಕೇಳುಗರೇ, ನನ್ನನ್ನು ಈ ಬರಹಕ್ಕೆ ಎಳೆದದ್ದು ಆ ಮಾತು. ಯಾಕೆಂದರೆ ಕಾಕಾ ಕೂಡ ಸ್ಕೂಟರಿನಿಂದಲೇ ಬೈಕಿಗೆ ಬಂದವನು. ಇಪ್ಪತ್ತು ವರ್ಷ ಚೇತಕ್ ಓಡಿಸಿ, 2002ರಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ ಪಲ್ಸರ್ ಕೊಂಡ. ಒಂದೇ ಸಂಜೆಯಲ್ಲಿ ಕಲಿತೆ ಅನ್ನುತ್ತಾನೆ. ಅಜ್ಜನಿಗೆ ಒಂದು ಸಂಜೆಯಲ್ಲಿ ಬಂದದ್ದು ಹತ್ತೊಂಬತ್ತರ ಮೊಮ್ಮಗನಿಗೆ ಯಾಕೆ ಬರಲಿಲ್ಲ? ಹುಡುಗನ ತಪ್ಪು ಅರ್ಧ. ಉಳಿದರ್ಧ ಇತಿಹಾಸದ್ದು.

ಬಜಾಜ್ ಆಟೋಕ್ಕೆ ಗಾಡಿ ತಯಾರಿಸುವ ಲೈಸೆನ್ಸ್ ಸಿಕ್ಕಿದ್ದು 1959ರಲ್ಲಿ. ಇಟಲಿಯ ಪಿಯಾಜ್ಜಿಯೊ ಜೊತೆ ಒಪ್ಪಂದ ಮಾಡಿಕೊಂಡು 1960ರ ದಶಕದಲ್ಲಿ ಆಕುರ್ಡಿಯಲ್ಲಿ ವೆಸ್ಪಾ ಜೋಡಿಸತೊಡಗಿದರು. 1971ಕ್ಕೆ ಒಪ್ಪಂದ ಮುಗಿಯಿತು. ಮರುವರ್ಷ, 1972ರಲ್ಲಿ, ಅದೇ ಮೈಕಟ್ಟಿನ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ಬಿಟ್ಟರು. ಸರ್ಕಾರ ಎಷ್ಟು ಗಾಡಿಗೆ ಅನುಮತಿ ಕೊಡುತ್ತದೋ ಅಷ್ಟೇ ಮಾಡಬೇಕಾದ ಕಾಲ ಅದು. ಬುಕ್ ಮಾಡಿ ಹತ್ತು ವರ್ಷದವರೆಗೆ ಕಾದವರಿದ್ದಾರೆ. ಓಡಿಸಿ ಹಳತಾದ ಚೇತಕ್ ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತಿತ್ತು. ಇಂದಿನ ಹುಡುಗರಿಗೆ ಇದನ್ನು ಹೇಳಿದರೆ ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಈಗ ಆ ಚೇತಕ್ ಮೇಲೆ ಮನಸ್ಸಿನಲ್ಲೇ ಕೂತು ನೋಡಿ. ಎಡಗೈಯಲ್ಲಿ ಕ್ಲಚ್. ಅದೇ ಹಿಡಿಕೆಯನ್ನು ತಿರುವಿದರೆ ಗೇರ್, ಒಟ್ಟು ನಾಲ್ಕು. ಬಲಗೈಯಲ್ಲಿ ಎಕ್ಸಲರೇಟರ್ ಮತ್ತು ಮುಂದಿನ ಬ್ರೇಕ್. ಬಲಗಾಲಿನ ಕೆಳಗೆ ಹಿಂದಿನ ಬ್ರೇಕ್. ಈಗ ಎದ್ದು ಮೋಟಾರ್‌ಸೈಕಲ್ ಮೇಲೆ ಕೂರಿ. ಎಡಗೈಯಲ್ಲಿ ಕ್ಲಚ್, ಬಲಗೈಯಲ್ಲಿ ಮುಂದಿನ ಬ್ರೇಕ್, ಬಲಗಾಲಿನಲ್ಲಿ ಹಿಂದಿನ ಬ್ರೇಕ್. ಬದಲಾದದ್ದು ಒಂದೇ, ಎಡಗೈಯಲ್ಲಿದ್ದ ಗೇರ್ ಎಡಗಾಲಿಗೆ ಇಳಿಯಿತು. ಚೇತಕ್ ಎಂಬುದು ಸ್ಕೂಟರಿನ ಅಂಗಿ ತೊಟ್ಟ ಅರ್ಧ ಮೋಟಾರ್‌ಸೈಕಲ್ಲೇ ಆಗಿತ್ತು. ಕಾಕಾ ಐವತ್ತರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಒಂದು ಪಾದದ ಕೆಲಸ ಮಾತ್ರ.

ಗೇರಿಲ್ಲದ ಸ್ಕೂಟರ್ ಬೇರೆ ವಂಶದ್ದು. ಪುಣೆಯವರೇ ಆದ ಕೈನೆಟಿಕ್ 1984ರಲ್ಲಿ ಕೈನೆಟಿಕ್ ಹೋಂಡಾ ತಂದರು. ಬಟನ್ ಒತ್ತಿದರೆ ಸ್ಟಾರ್ಟ್, ಗೇರಿನ ಗೊಡವೆಯೇ ಇಲ್ಲ. ಈ ಶತಮಾನದ ಆರಂಭದಲ್ಲಿ ಬಂದ ಆಕ್ಟಿವಾ ಆ ಬಗೆಯ ಗಾಡಿಯನ್ನು ಮನೆಮನೆಗೆ ಮುಟ್ಟಿಸಿತು. ಅದರಿಂದಾದ ಉಪಕಾರ ಸಣ್ಣದಲ್ಲ. ನಮ್ಮ ಅಕ್ಕ, ಅತ್ತಿಗೆಯರೆಲ್ಲ ಯಾರ ಹಿಂದೆಯೂ ಕೂರದೆ ತಾವೇ ಓಡಾಡಿದ್ದು ಆ ಗಾಡಿಗಳ ಮೇಲೆ. ಆದರೆ ಅಲ್ಲಿ ಎಡಗೈಯ ಲಿವರ್ ಎಂದರೆ ಹಿಂದಿನ ಬ್ರೇಕ್. ಕಾಲಿಗೆ ಕೆಲಸವೇ ಇಲ್ಲ. ಮೂರು ವರ್ಷ ಅದನ್ನು ಓಡಿಸಿದ ಹುಡುಗನ ಎಡಗೈ 'ನಿಲ್ಲಬೇಕಾದರೆ ನನ್ನನ್ನು ಹಿಡಿ' ಎಂಬ ಪಾಠವನ್ನು ಗಟ್ಟಿಯಾಗಿ ಕಲಿತಿರುತ್ತದೆ. ಗಾಬರಿಯಲ್ಲಿ ಬುದ್ಧಿ ಮಾತಾಡುವುದಿಲ್ಲ, ಕೈ ಮಾತಾಡುತ್ತದೆ.

ನಮ್ಮ ಕಾನೂನಿಗೂ ಇದು ಗೊತ್ತಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗೇರ್ ಇರುವ ಮೋಟಾರ್‌ಸೈಕಲ್, ಗೇರ್ ಇಲ್ಲದ ಮೋಟಾರ್‌ಸೈಕಲ್ ಎಂದು ಲೈಸೆನ್ಸಿನ ಎರಡು ಬೇರೆ ವರ್ಗಗಳಿವೆ. ಕಾನೂನಿನ ಕಣ್ಣಿಗೆ ಸ್ಕೂಟರೂ ಮೋಟಾರ್‌ಸೈಕಲ್ಲೇ, ನೆನಪಿರಲಿ. ನಮ್ಮ ಹುಡುಗನ ಕಿಸೆಯಲ್ಲಿದ್ದದ್ದು ಎರಡನೆಯದು. ಅಕ್ಕನಿಗೆ ಇದು ಗೊತ್ತಾದಾಗ ಮಣಿಕಟ್ಟಿನ ಬಾವಿಗಿಂತ ದೊಡ್ಡ ಗಲಾಟೆ ಆಯಿತು. ಟೆಂಪೋದವನಿಗೆ ಏನಾದರೂ ಆಗಿದ್ದರೆ ವಿಮೆಯವರು ಕೈ ಎತ್ತುತ್ತಿದ್ದರು, ಆಗ ಯಾರು ಕಟ್ಟಬೇಕಿತ್ತು ಎಂಬ ಅವಳ ಪ್ರಶ್ನೆಗೆ ಮನೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ.

ಮಧ್ಯಮ ಗಾತ್ರದ ಬೈಕ್ ಈಗಿನವರ ಹುಚ್ಚು ಅಂತಲೂ ತಿಳಿಯಬೇಡಿ. ಚೇತಕ್ ಹುಟ್ಟುವ ಹತ್ತು ವರ್ಷ ಮೊದಲೇ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇನ್ನೂರೈವತ್ತು ಸಿ.ಸಿ. ಬೈಕುಗಳನ್ನು ಮಾಡುತ್ತಿತ್ತು. ಮೂಲ ಚೆಕೊಸ್ಲೊವಾಕಿಯಾದ್ದು. 1973ರಿಂದ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. ಕಿಕ್ ಮಾಡುವ ಲಿವರನ್ನೇ ಮಡಚಿದರೆ ಗೇರ್ ಲಿವರ್ ಆಗುವ ವಿಚಿತ್ರ ಜಾಣತನ ಅದರದ್ದು. ಮದ್ರಾಸಿನ ಬುಲೆಟ್‌ನಲ್ಲಿ ಮತ್ತೆ ಬೇರೆ ಸಂಪ್ರದಾಯ, ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಜಾವಾದಿಂದ ಬುಲೆಟ್‌ಗೆ ಹೋದವರ ಕಾಲು ಗಲಿಬಿಲಿಗೊಂಡದ್ದೂ ಒಂದು ಕಥೆಯೇ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಜೋಡಿ ಸೈಲೆನ್ಸರಿನ ಆ ಸದ್ದು ಕೇಳಿದವರಿಗೆ ಅದರ ವಿವರಣೆ ಬೇಕಿಲ್ಲ.

ಸಣ್ಣ ಬೈಕಿನ ಯುಗ ಶುರುವಾದದ್ದು ಸರ್ಕಾರ ನೂರು ಸಿ.ಸಿ.ವರೆಗೆ ಜಪಾನಿ ಕಂಪನಿಗಳ ಕೈಜೋಡಿಸಲು ಬಿಟ್ಟ ಮೇಲೆ. 1984-85ರಲ್ಲಿ ಇಂಡ್-ಸುಜುಕಿ, ಹೀರೋ ಹೋಂಡಾ ಸಿ.ಡಿ. 100, ಯಮಾಹಾ ಆರ್.ಎಕ್ಸ್. 100 ಒಂದರ ಹಿಂದೊಂದು ಬಂದವು. ಬಜಾಜ್ ಕೂಡ ಕವಾಸಾಕಿ ಜೊತೆ ಸೇರಿ 1986ರಲ್ಲಿ ಕೆ.ಬಿ. 100 ತಂದಿತು. ಆದರೂ ಮನಸ್ಸು ಸ್ಕೂಟರಿನಲ್ಲೇ ಇತ್ತು. 1989ರಲ್ಲಿ ದೂರದರ್ಶನದಲ್ಲಿ 'ಹಮಾರಾ ಬಜಾಜ್' ಜಾಹೀರಾತು ಬಂದಾಗ ಸ್ಕೂಟರಿಗೆ ಸೋಲುಂಟು ಎಂದು ಯಾರು ನಂಬುತ್ತಿದ್ದರು? ಹತ್ತೇ ವರ್ಷದಲ್ಲಿ ದೇಶದಲ್ಲಿ ಮೋಟಾರ್‌ಸೈಕಲ್ ಮಾರಾಟ ಸ್ಕೂಟರನ್ನು ಹಿಂದೆ ಹಾಕಿತು. 2001ರ ಕೊನೆಗೆ 150 ಮತ್ತು 180 ಸಿ.ಸಿ.ಯ ಪಲ್ಸರ್ ಬಂತು. ಕಂಪನಿಗೂ ಅದೇ ದಾಟುವಿಕೆ, ಸ್ಕೂಟರಿನಿಂದ ಬೈಕಿಗೆ.

ಅದರ ಬೆಲೆ ತೆತ್ತದ್ದು ಆಕುರ್ಡಿ. ಹೊಸ ಬೈಕುಗಳು ಚಾಕಣ, ವಾಳುಜ್ ಕಡೆ ಹೋದವು. ಹಳಬರು ಸ್ವಯಂ ನಿವೃತ್ತಿ ತೆಗೆದುಕೊಂಡರು. 2007ರಲ್ಲಿ ಆಕುರ್ಡಿಯಲ್ಲಿ ಉತ್ಪಾದನೆ ನಿಂತಿತು. 2009ರಲ್ಲಿ ಕಂಪನಿ ಸ್ಕೂಟರನ್ನೇ ಬಿಡುವುದಾಗಿ ಹೇಳಿತು. ಶಿಫ್ಟ್ ಬಿಡುವ ಹೊತ್ತಿಗೆ ಹೈವೇ ತುಂಬ ಸೈಕಲ್ಲು, ಸ್ಕೂಟರು ಇರುತ್ತಿದ್ದುದನ್ನು ಕಾಕಾ ಈಗಲೂ ಹೇಳುತ್ತಾನೆ. ಹೇಳುವಾಗ ದನಿ ಸ್ವಲ್ಪ ಇಳಿಯುತ್ತದೆ.

ತಮಾಷೆ ಏನೆಂದರೆ, ಚೇತಕ್ ಮತ್ತೆ ಬಂದಿದೆ. 2020ರ ಜನವರಿಯಲ್ಲಿ ಪುಣೆ, ಬೆಂಗಳೂರುಗಳಲ್ಲಿ ಬ್ಯಾಟರಿ ಗಾಡಿಯಾಗಿ ಮಾರಾಟ ಶುರುವಾಯಿತು. 2022ರಲ್ಲಿ ಆಕುರ್ಡಿಯಲ್ಲೇ ಅದಕ್ಕೆ ಹೊಸ ಘಟಕವೂ ಆಯಿತು. ಹೆಸರು ಅದೇ, ಊರು ಅದೇ. ಎಡಗೈಯಲ್ಲಿ ಮಾತ್ರ ಕ್ಲಚ್ ಇಲ್ಲ, ಬ್ರೇಕ್ ಇದೆ.

ನಮ್ಮ ಹುಡುಗ ಈಗ ಗೇರ್ ಗಾಡಿಗೆ ಲರ್ನಿಂಗ್ ಲೈಸೆನ್ಸ್ ಮಾಡಿಸಿದ್ದಾನೆ. ಮುನ್ನೂರೈವತ್ತರ ಆಸೆ ಹೋಗಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಮಿತಿಯವರೆಗಿನ ಗಾಡಿಗಳಿಗೆ ಜಿ.ಎಸ್.ಟಿ. 28ರಿಂದ 18 ಪರ್ಸೆಂಟಿಗೆ ಇಳಿದದ್ದನ್ನು ಅಕ್ಕನಿಗೆ ದಿನಾ ಹೇಳುತ್ತಾನೆ. ಕಾಕಾ ಜಗ್ಗುವುದಿಲ್ಲ. ಕ್ಲಾಸಿಕ್ 350 ತೂಗುವುದು 195 ಕೆ.ಜಿ., ನಿನ್ನ ಸ್ಕೂಟರಿನ ಸುಮಾರು ಎರಡರಷ್ಟು, ಸಿಗ್ನಲ್ಲಿನಲ್ಲಿ ವಾಲಿದರೆ ಎತ್ತುವವರು ಯಾರು ಅನ್ನುತ್ತಾನೆ. ಮೊದಲು ನನ್ನ ಹಳೆಯ ಪಲ್ಸರ್ ಮೇಲೆ ಆರು ತಿಂಗಳು, ಆಮೇಲೆ ಮಾತು. ಬೆಳಗಿನ ಆರು ಗಂಟೆಗೆ ಖಾಲಿ ಮೈದಾನದಲ್ಲಿ ಅಜ್ಜ ಮೊಮ್ಮಗನ ಪಾಠ ನಡೆದಿದೆ. ಕಾಕಾ ದೂರದಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಾನೆ, ಹುಡುಗ ತಟ್ಟನೆ ನಿಲ್ಲಿಸಬೇಕು. ಬಲಗೈ, ಬಲಗಾಲು ಒಟ್ಟಿಗೆ. ಕ್ಲಚ್ ಕೊನೆಗೆ.

ಅವನ ಗುರಿ ಬೆಳಗಾವಿ. ಪಕ್ಕದ ಕಿವಳೆಯಲ್ಲಿ ಶುರುವಾಗುವ ಮುಂಬೈ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಆದರೆ ದೇಹೂ ರೋಡಿನಿಂದ ಕಾತ್ರಜ್ ಕಡೆಗೆ ಹೊರಡುವ ಬೈಪಾಸ್ ಹಿಡಿದರೆ ಸಾತಾರಾ, ಕರಾಡ, ನಿಪ್ಪಾಣಿ, ಒಂದೇ ರಸ್ತೆ. ಅಜ್ಜಿಯ ಮನೆಯ ಬಾಗಿಲಿಗೆ ಬೈಕ್ ನಿಲ್ಲಿಸಬೇಕಂತೆ. ಮೊನ್ನೆ ಫೋನಿನಲ್ಲಿ ಕೇಳಿದೆ, ಎಲ್ಲಿಗೆ ಬಂತು ನಿನ್ನ ಪಾಠ ಅಂತ.

"ನಿನ್ನೆ ಹತ್ತು ಸಲ ಚಪ್ಪಾಳೆ ಹೊಡದ್ರು," ಅಂದ. "ಎರಡು ಸಲ ಎಡಗೈನೇ ಮೊದಲು ಹೋತು."