ಭಾತಖಂಡೆ, ವಿಷ್ಣು ನಾರಾಯಣ (1860–1936)

ವಕೀಲಿ ಬಿಟ್ಟು ಹಿಂದೂಸ್ತಾನಿ ಸಂಗೀತಕ್ಕೆ ಶಾಸ್ತ್ರದ ಚೌಕಟ್ಟು ಕಟ್ಟಿಕೊಟ್ಟ ವಿದ್ವಾಂಸರು. ಹುಟ್ಟಿದ್ದು 1860ರ ಆಗಸ್ಟ್ 10ರಂದು, ಮುಂಬಯಿಯ ವಾಲ್ಕೇಶ್ವರದಲ್ಲಿ. 1887ರಲ್ಲಿ ಕಾನೂನು ಪದವಿ ಪಡೆದು ಕರಾಚಿಯಲ್ಲಿ ಕೆಲಕಾಲ, ಆಮೇಲೆ ಮುಂಬಯಿಯಲ್ಲಿ ವಕೀಲಿ ಮಾಡಿದರು. ಅದಕ್ಕೂ ಮೊದಲೇ, 1884ರಲ್ಲಿ, ಪಾರ್ಸಿಗಳ ಗಾಯನ ಉತ್ತೇಜಕ ಮಂಡಳಿ ಸೇರಿ ಧ್ರುಪದ, ಖಯಾಲುಗಳನ್ನು ಕಲಿಯತೊಡಗಿದ್ದರು. 1900ರಲ್ಲಿ ಪತ್ನಿ, 1903ರಲ್ಲಿ ಮಗಳು ತೀರಿಕೊಂಡ ಬಳಿಕ ಸಂಗೀತವೇ ಅವರ ಬದುಕಾಯಿತು.

1904ರಲ್ಲಿ ದಕ್ಷಿಣಕ್ಕೆ ಹೋದಾಗ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು, ವೆಂಕಟಮಖಿಯ 72 ಮೇಳಗಳ ಪದ್ಧತಿಯನ್ನು ಅರಿತರು. ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಲು ಇದೇ ದಾರಿ ತೋರಿತು. ಆಕ್ಷೇಪಗಳು ಹೆಚ್ಚಾಗಿ ಬಂದಿರುವುದೂ ಈ ವಿಂಗಡಣೆಯ ಮೇಲೆಯೇ. ಅಹೀರ್ ಭೈರವದ ಸ್ವರಗಳು ಹತ್ತರಲ್ಲಿ ಯಾವ ಥಾಟಿಗೂ ಪೂರ್ತಿ ಹೊಂದುವುದಿಲ್ಲ. ಕರ್ನಾಟಕ ಪದ್ಧತಿಯ 16ನೆಯ ಮೇಳ ಚಕ್ರವಾಕದಲ್ಲಿ ಸಲೀಸಾಗಿ ಕೂರುತ್ತವೆ. ಕಲಿಕೆಯ ಅನುಕೂಲಕ್ಕೆ ಮಾಡಿದ ವಿಂಗಡಣೆಯನ್ನು ರಾಗಗಳ ವಂಶಾವಳಿಯೆಂದು ಓದಿದ್ದರಿಂದಲೇ ಗೊಂದಲ ಬೆಳೆಯಿತು ಎನ್ನಬೇಕು.

ಗ್ರಂಥಕರ್ತೃವಿನ ಹೆಸರಿನಲ್ಲೂ ತೊಡಕಿದೆ. 1910ರ ಸಂಸ್ಕೃತ ಕೃತಿ 'ಶ್ರೀಮಲ್ಲಕ್ಷ್ಯಸಂಗೀತಂ' ಚತುರಪಂಡಿತನ ಹೆಸರಿನಲ್ಲಿದೆ. ಗುರುಶಿಷ್ಯರ ಸಂವಾದ ರೂಪದ ಮರಾಠಿ 'ಹಿಂದುಸ್ಥಾನಿ ಸಂಗೀತ ಪದ್ಧತಿ' ವಿಷ್ಣುಶರ್ಮನ ಹೆಸರಿನಲ್ಲಿದೆ. ಎರಡನೆಯದರಲ್ಲಿ ಮೊದಲನೆಯವನ ಮಾತು ಪ್ರಮಾಣವಾಗಿ ಬರುತ್ತದೆ. ಇಬ್ಬರೂ ಭಾತಖಂಡೆಯವರೇ ಎಂಬುದು ತಿಳಿಯದೆ ಓದಿದರೆ ಒಬ್ಬರ ಮತವೇ ಇಬ್ಬರ ಒಮ್ಮತದಂತೆ ಕಾಣುತ್ತದೆ.

ಆರು ಭಾಗಗಳ 'ಕ್ರಮಿಕ ಪುಸ್ತಕ ಮಾಲಿಕಾ'ದಲ್ಲಿ, ಉಸ್ತಾದರಿಂದ ಸಂಗ್ರಹಿಸಿದ ಸಾವಿರಕ್ಕೂ ಹೆಚ್ಚು ಬಂದಿಶ್‌ಗಳನ್ನು ಸ್ವರಲಿಪಿಯಲ್ಲಿ ಕೊಟ್ಟರು. ಕೋಮಲ ಸ್ವರದ ಅಡಿಗೆ ಅಡ್ಡಗೆರೆ, ತೀವ್ರ ಮಧ್ಯಮದ ತಲೆಯ ಮೇಲೆ ನಿಲುಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ ಚುಕ್ಕಿ. ಈ ಸರಳ ಗುರುತುಗಳಿಂದಾಗಿ, ಘರಾನೆಯ ಒಳಗೇ ಉಳಿದಿದ್ದ ಚೀಜುಗಳು ಯಾವ ವಿದ್ಯಾರ್ಥಿಗೂ ದಕ್ಕುವಂತಾದವು. ಅವರ ಕೆಲಸದಲ್ಲಿ ಅತಿ ದೊಡ್ಡದು ಇದೇ.

ಮುಸ್ಲಿಂ ಉಸ್ತಾದರ ಬಗೆಗೆ ಅವರ ನಿಲುವನ್ನು ಜಾನಕಿ ಬಾಖಲೆ 2005ರ ಅಧ್ಯಯನದಲ್ಲಿ ಕಟುವಾಗಿ ವಿಮರ್ಶಿಸಿದ್ದಾರೆ. ಅದೇ ಉಸ್ತಾದರಲ್ಲಿ ಹಲವರಿಂದ ಭಾತಖಂಡೆ ಕಲಿತದ್ದೂ, ಇಂದಿನ ರಾಗಗಳನ್ನು ಪ್ರಾಚೀನ ಗ್ರಂಥಗಳಿಂದ ವಿವರಿಸಲಾಗದೆಂದು ವಾದಿಸಿದ್ದೂ ಇದರ ಜೊತೆಗೆ ಗಮನಿಸತಕ್ಕವು.

1916ರಲ್ಲಿ ಬರೋಡದ ಅಖಿಲ ಭಾರತ ಸಂಗೀತ ಪರಿಷತ್ತು ನಡೆದದ್ದೂ, 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಆರಂಭವಾದದ್ದೂ ಅವರ ಮುಂದಾಳುತನದಲ್ಲಿ. 1936ರ ಸೆಪ್ಟೆಂಬರ್ 19ರಂದು ನಿಧನರಾದರು. ಶಿಷ್ಯ ಎಸ್.ಎನ್. ರತಂಜನಕರ್ ಲಖನೌದಲ್ಲಿ ಪಾಠ ಮುಂದುವರಿಸಿದರು. ಅವರಲ್ಲಿ ಕಲಿತ, ಬೈಲಹೊಂಗಲದಲ್ಲಿ ಹುಟ್ಟಿದ ಕೆ.ಜಿ. ಗಿಂಡೆ ಮುಂಬಯಿಯ ಸಾಯನ್‌ನ ವಲ್ಲಭ ಸಂಗೀತಾಲಯದಲ್ಲಿ ಆ ಪರಂಪರೆಯನ್ನು ಕಲಿಸಿದರು.