ಮರೆತು ಬಂದ ಮಾತು

1871ರ ಡಿಸೆಂಬರಿನಲ್ಲಿ ಜಪಾನಿನ ಇವಾಕುರಾ ನಿಯೋಗವು ಯೊಕೊಹಾಮಾ ಬಂದರಿನಿಂದ ಅಮೆರಿಕಕ್ಕೆ ಹೊರಟಾಗ, ಅದರೊಡನೆ ಐವರು ಬಾಲಕಿಯರೂ ಹಡಗನ್ನೇರಿದರು. ಹತ್ತು ವರ್ಷ ಅಲ್ಲಿ ಓದಿ ಬರಲೆಂದು ಸರ್ಕಾರವೇ ಅವರನ್ನು ಕಳುಹಿಸಿತ್ತು. ಕಿರಿಯಳಾದ ತ್ಸುದಾ ಉಮೆಕೊಗೆ ಆಗ ಏಳು ವರ್ಷವೂ ತುಂಬಿರಲಿಲ್ಲ.

ಅಂದಿನ ಅಮೆರಿಕ ವೇಗವಾಗಿ ಹೊಸರೂಪ ತಾಳುತ್ತಿದ್ದ ನಾಡು. ಖಂಡದ ಎರಡೂ ಕರಾವಳಿಗಳನ್ನು ಬೆಸೆಯುವ ರೈಲುಮಾರ್ಗ 1869ರಲ್ಲಷ್ಟೇ ಪೂರ್ಣಗೊಂಡಿತ್ತು. ಬಾಲಕಿಯರು ಅದೇ ಮಾರ್ಗವಾಗಿ ವಾಷಿಂಗ್ಟನ್ ತಲುಪಿದರು. ಇಬ್ಬರು 1872ರಲ್ಲೇ ಹಿಂದಿರುಗಿದರು. ಉಳಿದ ಮೂವರಲ್ಲಿ ಯಾಮಾಕಾವಾ ಸುತೆಮಾತ್ಸು 1882ರಲ್ಲಿ ವಾಸರ್ ಕಾಲೇಜಿನ ಪದವಿ ಪಡೆದರು.

ಅದೇ ವರ್ಷ ಸ್ವದೇಶಕ್ಕೆ ಮರಳಿದ ಉಮೆಕೊ ಅವರಿಗೆ ತಾಯ್ನುಡಿಯೇ ಮರೆತುಹೋಗಿತ್ತು. ಮನೆಯವರೊಡನೆ ಮನಬಿಚ್ಚಿ ಮಾತನಾಡಲಾಗದ ಅಳಲನ್ನು, ತಮ್ಮನ್ನು ಮಗಳಂತೆ ಸಾಕಿದ್ದ ಅಡಲೀನ್ ಲ್ಯಾನ್‌ಮನ್ ಅವರಿಗೆ ಇಂಗ್ಲಿಷಿನಲ್ಲಿ ಬರೆದರು. ಆದರೂ ಎದೆಗುಂದದೆ ತಮ್ಮ ಭಾಷೆಯನ್ನು ಹೊಸದಾಗಿ ಕಲಿತರು. ಇಂಗ್ಲಿಷನ್ನೂ ದೂರವಿಡಲಿಲ್ಲ. 1900ರಲ್ಲಿ ಟೋಕಿಯೊದಲ್ಲಿ ಹತ್ತು ವಿದ್ಯಾರ್ಥಿನಿಯರೊಡನೆ ಅವರು ತೆರೆದದ್ದು ಇಂಗ್ಲಿಷ್ ಕಲಿಸುವ ಶಾಲೆಯನ್ನೇ. ಗೆಳತಿ ಸುತೆಮಾತ್ಸು ಜೊತೆಗೆ ನಿಂತರು. ಅದೇ ಇಂದಿನ ತ್ಸುದಾ ವಿಶ್ವವಿದ್ಯಾಲಯ.

ಗಡಿನಾಡಿನ ನಮ್ಮ ಮಕ್ಕಳೂ ಓದಿಗಾಗಿ, ಉದ್ಯೋಗಕ್ಕಾಗಿ ದೂರ ಹೋಗುತ್ತಾರೆ. ಹೋಗಬೇಡಿರೆಂದು ನಾವು ಎಂದೂ ಹೇಳಿದವರಲ್ಲ. ಊರಿಗೆ ಬಂದಾಗ ಅಜ್ಜಿಯ ಬಳಿ ಕುಳಿತು ಸಂಕೋಚವಿಲ್ಲದೆ ಮಾತನಾಡುವಷ್ಟು, ಅಪ್ಪನ ಹಳೆಯ ಪತ್ರವೊಂದನ್ನು ಓದಿಕೊಳ್ಳುವಷ್ಟು ಕನ್ನಡ ಅವರೊಳಗೆ ಉಳಿದಿರಲಿ ಎಂಬುದೇ ನಮ್ಮ ಹಂಬಲ. ನೂರು ವರ್ಷಗಳಿಂದ ಈ ಶಾಲೆ ಮಕ್ಕಳ ಕೈಗೆ ಕೊಟ್ಟು ಕಳುಹಿಸುತ್ತಿರುವ ಬುತ್ತಿ ಅದು.